ಓಟದ ಸೈಕಲ್ಲನ್ನು ತಿದ್ದುವ ಮುನ್ನ ಓದುವುದು

ಹೊಸದಾಗಿ ಸಿಕ್ಕ ಶಾಸನದ ಮಾಸಿದ ಅಕ್ಷರಗಳನ್ನು ಉಳಿ ಹಿಡಿದು ಮತ್ತೆ ಕೆತ್ತಲು ಯಾವ ವಿದ್ವಾಂಸರೂ ಹೊರಡುವುದಿಲ್ಲ. ಮೊದಲು ಕಲ್ಲಿನ ಅಚ್ಚು ತೆಗೆದು ಓದುತ್ತಾರೆ. ಹಳೆಯ ಓಟದ ಸೈಕಲ್ಲಿನ ವಿಷಯದಲ್ಲಿ ನಮಗೆ ಅಷ್ಟು ತಾಳ್ಮೆ ಇರುವುದಿಲ್ಲ. ಕೊಚ್ಚಿಯ ಯಾವುದೋ ಮನೆಯ ಅಟ್ಟದಿಂದಲೋ ತಿರುವನಂತಪುರದ ಯಾವುದೋ ರಿಪೇರಿ ಅಂಗಡಿಯ ಮೂಲೆಯಿಂದಲೋ ಅಂಥದೊಂದು ಹೊರಬಂದರೆ, ಅದರ ಬೆನ್ನಿಗೇ ಮರಳುಕಾಗದ ಮತ್ತು ಬಣ್ಣದ ಡಬ್ಬಿಗಳೂ ಬರುತ್ತವೆ. ಹೊಳಪಿನೊಂದಿಗೆ ಅಳಿಸಿಹೋಗುವುದು ಏನೆಂಬುದನ್ನು ಮೊದಲು ವಿಚಾರಿಸಬೇಕು.

ಕೊಚ್ಚಿಯ ಒಳಬಂದರಿಗೆ ಸಮುದ್ರದ ಹಡಗು ಬರುವಂತಾದದ್ದು 1928ರಲ್ಲಿ. ಆ ಕಾಲದ ಭಾರತದಲ್ಲಿ ಒಳ್ಳೆಯ ಸೈಕಲ್ಲೆಂದರೆ ಹಡಗಿನಲ್ಲಿ ಬಂದ ಇಂಗ್ಲಿಷ್ ಸೈಕಲ್ಲೇ: ರ‍್ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್, ಹಂಬರ್. ಸ್ವಾತಂತ್ರ್ಯಾನಂತರ ಇಲ್ಲಿಯೇ ಕಾರ್ಖಾನೆಗಳು ಎದ್ದವು. ಮದ್ರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನೆಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಆರಂಭವಾದವು. ಇವು ಮುಖ್ಯವಾಗಿ ತಯಾರಿಸಿದ್ದು ಹಾಲಿನ ಕ್ಯಾನು, ಅಕ್ಕಿಮೂಟೆ ಹೊರುವ ಭಾರದ ಸೈಕಲ್ಲುಗಳನ್ನು. ಇತ್ತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಸೈಕಲ್ ಪಟುಗಳು ಮೊದಲ ಬಾರಿಗೆ ಸ್ಪರ್ಧಿಸಿದ್ದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲೂ ಸೈಕಲ್ ಸ್ಪರ್ಧೆಗಳು ನಡೆದವು. ಆದರೆ ಹಗುರವಾದ ಫ್ರೇಮು, ತೆಳುವಾದ ಟೈರು, ಒಳ್ಳೆಯ ಗೇರುಗಳು ವಿದೇಶದಿಂದಲೇ ಬರಬೇಕಿತ್ತು. ವಿದೇಶಿ ವಿನಿಮಯದ ಕೊರತೆಯಿಂದ ಆಮದು ಬಿಗಿಯಾದಂತೆ ಸವಾರರು ಸಿಕ್ಕ ಭಾಗಗಳನ್ನೇ ಜೋಡಿಸಿಕೊಂಡರು. ನಮ್ಮ ನೆಲದ ಓಟದ ಸೈಕಲ್ಲನ್ನು ಪರೀಕ್ಷಿಸುವವರು ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಮೊದಲ ಪ್ರಶ್ನೆ, ಇದು ರಸ್ತೆಯ ಓಟದ್ದೋ ಟ್ರ್ಯಾಕಿನದ್ದೋ ಎಂಬುದು. ಹಿಂಚಕ್ರದ ಆಕ್ಸೆಲ್ ಕೂರುವ ಸೀಳು ಹಿಂದಕ್ಕೆ ತೆರೆದಿದ್ದು ಬ್ರೇಕಿಗೆ ರಂಧ್ರವಿಲ್ಲದಿದ್ದರೆ ಅದು ಟ್ರ್ಯಾಕಿನದು. ಸೀಳು ಮುಂದಕ್ಕೆ ತೆರೆದಿದ್ದು ಫೋರ್ಕಿನ ತಲೆಯಲ್ಲಿ ರಂಧ್ರವಿದ್ದರೆ ರಸ್ತೆಯದು. ತಿರುವನಂತಪುರದ ಕಾರ್ಯವಟ್ಟದಲ್ಲಿ 1985ರಲ್ಲಿ ಸ್ಥಾಪನೆಯಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಸೈಕಲ್ ಓಟದ ಟ್ರ್ಯಾಕ್ ಇದೆ. 2015ರ ರಾಷ್ಟ್ರೀಯ ಕ್ರೀಡಾಕೂಟದ ಸ್ಪರ್ಧೆಗಳು ಅಲ್ಲಿ ನಡೆದವು. ಅಂಥ ಟ್ರ್ಯಾಕುಗಳು ದೇಶದಲ್ಲಿ ಕೆಲವೇ. ಆದ್ದರಿಂದ ಟ್ರ್ಯಾಕಿನ ಫೋರ್ಕಿನಲ್ಲಿ ಆಮೇಲೆ ಕೊರೆದ ಬ್ರೇಕಿನ ರಂಧ್ರ ಕಂಡರೆ ಅದನ್ನು ಬರಿಯ ಅಂದಗೇಡೆಂದು ತಳ್ಳಬಾರದು. ಟ್ರ್ಯಾಕ್ ಸಿಗದ ಸವಾರನೊಬ್ಬ ಸೈಕಲ್ಲನ್ನು ರಸ್ತೆಗಿಳಿಸಿದ್ದಕ್ಕೆ ಅದು ಸಾಕ್ಷಿಯಾಗಿರಬಹುದು.

ಎರಡನೆಯದು ಕುಲ ಮತ್ತು ಕಾಲ. ಇಂಗ್ಲೆಂಡಿನ ರೆನಾಲ್ಡ್ಸ್ 531 ಉಕ್ಕಿನ ಕೊಳವೆ 1935ರಲ್ಲಿ ಬಂತು. ಅದರ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು; ಸೀಟಿನ ಕಂಬದ ದಪ್ಪ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಹಗುರ ಜಾತಿಯ 531 ಫ್ರೇಮಿಗೆ ಸಾಮಾನ್ಯವಾಗಿ 27.2 ಮಿಲಿಮೀಟರಿನ ಕಂಬ ಕೂರುತ್ತದೆ. ಅದಕ್ಕಿಂತ ಸಣ್ಣದು ಹಿಡಿಸಿದರೆ ಕೊಳವೆಯ ಗೋಡೆ ದಪ್ಪನೆಯದೆಂದು ಊಹಿಸಬಹುದು. ಸ್ಟರ್ಮಿ ಆರ್ಚರ್ ಗೇರಿನ ಹಬ್ ಇದ್ದರೆ ಅದರ ಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿರುವುದುಂಟು. ಆದರೆ ಅದು ಹಬ್ಬಿನ ವಯಸ್ಸೇ ಹೊರತು ಫ್ರೇಮಿನದಲ್ಲ. ಪೆಡಲಿನ ಅಚ್ಚು ಕೂರುವ ಕಪ್ಪುಗಳನ್ನು ಬಿಚ್ಚುವಾಗಲೂ ಕುಲ ತಿಳಿದಿರಬೇಕು: ಇಂಗ್ಲಿಷ್ ಫ್ರೇಮಿನಲ್ಲಿ ಬಲಗಡೆಯದು ಎಡಮುರಿ ಸುತ್ತು, ಇಟಲಿಯದರಲ್ಲಿ ಎರಡೂ ಬಲಮುರಿ. ಇದನ್ನರಿಯದೆ ಬಲ ಹಾಕಿದರೆ ಫ್ರೇಮಿನ ಸುತ್ತೇ ಕಿತ್ತುಹೋಗುತ್ತದೆ.

ಮೂರನೆಯದು ಸವಾರನ ಪ್ರಾಣಕ್ಕೆ ಸಂಬಂಧಿಸಿದ್ದು. ಕೊಚ್ಚಿಯ ಉಪ್ಪುಗಾಳಿ ಮತ್ತು ಮಳೆ ಹೊರಗೆ ಮಾಡುವ ತುಕ್ಕು ಕಣ್ಣಿಗೆ ಬೀಳುತ್ತದೆ. ಒಳಗಿನ ತುಕ್ಕು ಬೀಳುವುದಿಲ್ಲ. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲಿನ ಅಚ್ಚಿನ ಬಳಿ ನಿಲ್ಲುವುದರಿಂದ ಅಲ್ಲಿ ದೀಪ ಹಿಡಿದು ನೋಡಬೇಕು. ಉಕ್ಕಿನ ಕೊಳವೆಯಲ್ಲಿ ಅಲ್ಯೂಮಿನಿಯಂ ಕಂಬ ಕಚ್ಚಿಕೊಂಡಿದ್ದರೆ ಸುತ್ತಿಗೆಯ ಬದಲು ಎಣ್ಣೆ ಮತ್ತು ದಿನಗಳು ಬೇಕು. ಹ್ಯಾಂಡಲಿನ ಕತ್ತಿನ ಹಿಂದೆ, ಮೇಲಿನ ಮತ್ತು ಕೆಳಗಿನ ಕೊಳವೆಗಳ ಅಡಿಯಲ್ಲಿ, ಬೆರಳಾಡಿಸಬೇಕು. ಅಲ್ಲಿ ಸುಕ್ಕಾಗಲಿ ಬಣ್ಣದ ಬಿರುಕಾಗಲಿ ಸಿಕ್ಕರೆ ಸೈಕಲ್ ಎಂದೋ ಎದುರಿನಿಂದ ಡಿಕ್ಕಿ ತಿಂದಿರಬಹುದು. ಫ್ರೇಮು ನೆಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂಬದಿಯ ಒಂದು ತುದಿಯಿಂದ ಕತ್ತನ್ನು ಬಳಸಿ ಇನ್ನೊಂದು ತುದಿಗೆ ಬಿಗಿದು, ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಕಡೆ ಅಳೆದರಾಯಿತು. ಬಿರುಕು ಬಿಟ್ಟ ಅಥವಾ ಬಾಗಿದ ಫೋರ್ಕನ್ನು ಇತಿಹಾಸದ ಹೆಸರಿನಲ್ಲಿ ರಸ್ತೆಗೆ ಬಿಡಬಾರದು. ಅದನ್ನು ಗೋಡೆಗೆ ತೂಗುಹಾಕಿ ಕಾಪಾಡಬಹುದು.

ಇಷ್ಟಾದ ಮೇಲೆ ಉಳಿಯುವುದೇ ನಿಜವಾದ ನಿರ್ಣಯ. ಇಂಗ್ಲಿಷ್ ಫ್ರೇಮು, ಇಟಲಿಯ ಗೇರು, ಲೂಧಿಯಾನದ ಪೆಡಲು, ಯಾವುದೋ ಊರಿನ ಹಿತ್ತಾಳೆ ಬೆಸುಗೆ ಒಂದೇ ಸೈಕಲ್ಲಿನಲ್ಲಿ ಕೂಡಿದ್ದರೆ, ಸಂಗ್ರಾಹಕರ ಕಣ್ಣಿಗೆ ಅದು ಕಲಬೆರಕೆ. ಕಾರ್ಖಾನೆಯ ಹಳೆಯ ಕ್ಯಾಟಲಾಗು ಮುಂದಿಟ್ಟುಕೊಂಡು ಅವರು 'ಅಸಲು' ಭಾಗಗಳನ್ನು ಇಂಗ್ಲೆಂಡಿನಿಂದ ತರಿಸುತ್ತಾರೆ. ಹಾಗೆ ಸಿದ್ಧವಾದ ಸೈಕಲ್ಲು ನಾಟಿಂಗ್‌ಹ್ಯಾಮಿನ ಅಂಗಡಿಯ ಕಿಟಕಿಗೆ ಒಪ್ಪೀತು; ಇಲ್ಲಿ ಯಾರೂ ಓಡಿಸಿದ್ದು ಅಂಥದನ್ನಲ್ಲ. ಹಿಂದೆ ನಗರಸಭೆ, ಪಂಚಾಯತಿಗಳು ಸೈಕಲ್ಲಿಗೆ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಅಂಥ ತುಕ್ಕುಹಿಡಿದ ಬಿಲ್ಲೆಯೊಂದು ಫ್ರೇಮಿಗೆ ಅಂಟಿಕೊಂಡಿದ್ದರೆ, ಆ ಸೈಕಲ್ ಯಾವ ಊರಲ್ಲಿ ಬಾಳಿತೆಂದು ಹೇಳುವ ಏಕೈಕ ದಾಖಲೆ ಅದೇ ಆಗಿರಬಹುದು. ವಿಜಯಪುರ, ಬಾಗಲಕೋಟೆಗಳ ಸೈಕಲ್ ಪಟುಗಳ ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಬಂದೀತು. ಸೋತವರ ಓಟಕ್ಕೆ ಸೈಕಲ್ಲೇ ಪುರಾವೆ.

ಹಾಗಾಗಿ ಕೆಲಸ ಆರಂಭವಾಗಬೇಕಾದದ್ದು ಪುಸ್ತಕ, ಅಳತೆಪಟ್ಟಿ, ಕ್ಯಾಮೆರಾಗಳಿಂದ. ಪ್ರತಿ ಭಾಗದ ಚಿತ್ರ ಮತ್ತು ಅಳತೆ ದಾಖಲಾಗಲಿ. ಸವೆದ ಬೇರಿಂಗು, ಬ್ರೇಕಿನ ರಬ್ಬರು, ಟೈರು, ತಂತಿಗಳು ಬದಲಾಗಲೇಬೇಕು. ತೆಗೆದ ಭಾಗಗಳು ಹೆಸರು ಬರೆದ ಡಬ್ಬಿಯಲ್ಲಿರಲಿ. ಬಣ್ಣ ಎಷ್ಟು ಉಳಿದಿದೆಯೋ ಅಷ್ಟನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಕಾಪಾಡೋಣ. ಹೊಸ ಬಣ್ಣವನ್ನು ನಾಳೆಯೂ ಬಳಿಯಬಹುದು. ಕೆರೆದುಹಾಕಿದ ಹಳೆಯ ಬಣ್ಣವನ್ನು ಮತ್ತೆ ತರಲಾಗದು.