ರಿವರ್ಸೊ (ಕೈಗಡಿಯಾರ)

ರಿವರ್ಸೊ ಸ್ವಿಟ್ಜರ್ಲೆಂಡಿನ ಜೇಗರ್-ಲೆಕೂಲ್ಟ್ರ್ ಸಂಸ್ಥೆಯ ಆಯತಾಕಾರದ ಕೈಗಡಿಯಾರ. 1931ರಲ್ಲಿ ರೂಪುಗೊಂಡ ಇದರ ಡಯಲನ್ನು ಬೇಕೆಂದಾಗ ಒಳಮುಖವಾಗಿ ಮಗುಚಿಡಬಹುದು. ಇಂದು ಸಂಗ್ರಾಹಕರ ಪ್ರೀತಿಗೆ ಪಾತ್ರವಾಗಿರುವ ಈ ಗಡಿಯಾರದ ಕಥೆ ಶುರುವಾಗುವುದು ಭಾರತದ ಪೋಲೊ ಮೈದಾನದಲ್ಲಿ.

ಆಗ ಪೋಲೊ ಬ್ರಿಟಿಷ್ ಸೇನಾಧಿಕಾರಿಗಳ ಅಚ್ಚುಮೆಚ್ಚಿನ ಆಟ. ಚೆಂಡೋ ಕೋಲೋ ತಗುಲಿದರೆ ಕೈಗಡಿಯಾರದ ಗಾಜು ಪುಡಿಯಾಗುತ್ತಿತ್ತು. ಸಂಸ್ಥೆ ಹೇಳುವಂತೆ, 1930ರಲ್ಲಿ ಭಾರತಕ್ಕೆ ಬಂದಿದ್ದ ಗಡಿಯಾರ ವ್ಯಾಪಾರಿ ಸೆಸಾರ್ ದ ತ್ರೇಗೆ ಅಧಿಕಾರಿಯೊಬ್ಬ ಒಡೆದ ಗಡಿಯಾರ ತೋರಿಸಿ, ಆಟದ ಪೆಟ್ಟು ತಾಳುವಂಥದ್ದು ಬೇಕೆಂದನಂತೆ. ದ ತ್ರೇ ಈ ಮಾತನ್ನು ಗಡಿಯಾರ ತಯಾರಕ ಜಾಕ್-ಡೇವಿಡ್ ಲೆಕೂಲ್ಟ್ರ್ ಅವರಿಗೆ ಮುಟ್ಟಿಸಿದ. ಪರಿಹಾರ ಹುಡುಕಿದವನು ಫ್ರೆಂಚ್ ವಿನ್ಯಾಸಕ ರೆನೆ-ಆಲ್ಫ್ರೆಡ್ ಶೊವೊ. 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು.

ಉಪಾಯ ಸರಳ, ಕೆಲಸ ಬಲು ನಾಜೂಕು. ಪಟ್ಟಿಗೆ ಸೇರಿಕೊಂಡಿರುವುದು ತಳದ ಒಂದು ತಟ್ಟೆ ಮಾತ್ರ. ಗಡಿಯಾರದ ಪೆಟ್ಟಿಗೆ ಅದರ ಮೇಲೆ ಕುಳಿತಿರುತ್ತದೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಪೆಟ್ಟಿಗೆ ತಟ್ಟೆಯ ಜಾಡಿನ ಗುಂಟ ಸರಿಯುತ್ತದೆ. ತುದಿ ಮುಟ್ಟಿದೊಡನೆ ಅದನ್ನು ಮಗುಚಿ ಹಿಂದಕ್ಕೆ ತಳ್ಳಬೇಕು, ಟಕ್ಕೆಂದು ಕೂರುತ್ತದೆ. ಗಾಜು, ಮುಳ್ಳುಗಳೆಲ್ಲ ಒಳಗೆ ಸುರಕ್ಷಿತ, ಹೊರಗೆ ಕಾಣುವುದು ಬರಿಯ ಲೋಹ. ಡಯಲಿನ ಮೇಲೂ ಕೆಳಗೂ ಓಡುವ ಅಡ್ಡಗೆರೆಗಳಲ್ಲಿ ಆ ಕಾಲದ ಆರ್ಟ್ ಡೆಕೊ ಶೈಲಿಯ ಗುರುತಿದೆ.

ಇಂಥ ಕೆಲಸಕ್ಕೆ ಬೇಕಾದ ಕೈಚಳಕ ಒಂದೇ ದಿನದಲ್ಲಿ ಬಂದದ್ದಲ್ಲ. ಆಂತ್ವಾನ್ ಲೆಕೂಲ್ಟ್ರ್ 1833ರಲ್ಲಿ ಜೂರಾ ಬೆಟ್ಟಸಾಲಿನ ಲ ಸಾಂತಿಯೆ ಎಂಬ ಹಳ್ಳಿಯಲ್ಲಿ ಕಾರ್ಯಾಗಾರ ತೆರೆದ. ಗಡಿಯಾರದ ಪುಟ್ಟ ಹಲ್ಲುಗಾಲಿಗಳನ್ನು ಕತ್ತರಿಸುವ ಯಂತ್ರ ಅವನದೇ ಸೃಷ್ಟಿ. 1844ರಲ್ಲಿ ಮೈಕ್ರಾನ್‌ವರೆಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೆ, ಅಳೆಯುವ ಮಿಲಿಯನೊಮೀಟರನ್ನೂ ಮಾಡಿದ. ಮುಂದೆ 1903ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಎಡ್ಮಂಡ್ ಜೇಗರ್ ಅತಿ ತೆಳು ಯಂತ್ರಗಳನ್ನು ತಯಾರಿಸುವಂತೆ ಸ್ವಿಸ್ ಕುಶಲಿಗಳಿಗೆ ಸವಾಲು ಹಾಕಿದಾಗ ಅದನ್ನು ಒಪ್ಪಿಕೊಂಡವರು ಆಂತ್ವಾನನ ಮೊಮ್ಮಗ ಜಾಕ್-ಡೇವಿಡ್. 1907ರಲ್ಲಿ ಬಂದ ಯಂತ್ರದ ದಪ್ಪ ಬರೀ 1.38 ಮಿ.ಮೀ. ಎರಡೂ ಹೆಸರು ಅಧಿಕೃತವಾಗಿ ಕೂಡಿಕೊಂಡದ್ದು 1937ರಲ್ಲಿ. ಹೀಗಿದ್ದರೂ ಮೊದಲ ರಿವರ್ಸೊಗಳಲ್ಲಿ ಇದ್ದದ್ದು ತವಾನ್ ಕಂಪನಿಯ ಯಂತ್ರ. ಲೆಕೂಲ್ಟ್ರ್ ತನ್ನದೇ ಯಂತ್ರ ಕೂರಿಸಿದ್ದು 1933ರಲ್ಲಿ.

ರಕ್ಷಣೆಗೆಂದು ಮಾಡಿದ ಬೋಳು ಬೆನ್ನು ಬೇಗನೆ ಬರೆಯುವ ಹಲಗೆಯಾಯಿತು. ಹೆಸರಿನ ಮೊದಲಕ್ಷರ, ಲಾಂಛನ, ಎನಾಮಲ್ ಚಿತ್ರ ಎಲ್ಲವೂ ಅಲ್ಲಿ ಮೂಡಿದವು. ಅಮೆರಿಕದ ಸೇನಾನಿ ಡಗ್ಲಾಸ್ ಮ್ಯಾಕ್‌ಆರ್ಥರ್ ಬಳಿಯಿದ್ದ ರಿವರ್ಸೊದ ಬೆನ್ನಿನ ಮೇಲೆ ಅವನ ಹೆಸರಿನ ಸಂಕ್ಷಿಪ್ತ ಅಕ್ಷರಗಳಿವೆ. ಈ ಗಡಿಯಾರವನ್ನು ಉಳಿದವುಗಳಿಂದ ಬೇರೆಯಾಗಿಸುವುದು ಇದೇ: ಎಷ್ಟೋ ಹಳೆಯ ಪ್ರತಿಗಳು ಒಬ್ಬೊಬ್ಬ ವ್ಯಕ್ತಿಯ ಗುರುತನ್ನು ಹೊತ್ತು ಬರುತ್ತವೆ.

ಎರಡನೇ ಮಹಾಯುದ್ಧದ ನಂತರ ದುಂಡು ಗಡಿಯಾರಗಳ ಕಾಲ ಬಂತು, ಬಳಿಕ ಅಗ್ಗದ ಕ್ವಾರ್ಟ್ಜ್ ಗಡಿಯಾರಗಳ ಹಾವಳಿ. ರಿವರ್ಸೊ ಹೆಚ್ಚುಕಡಿಮೆ ಮರೆತೇಹೋಯಿತು. ಅದನ್ನು ಬದುಕಿಸಿದವನು ಇಟಲಿಯ ವ್ಯಾಪಾರಿ ಜಾರ್ಜಿಯೊ ಕೊರ್ವೊ. 1972ರಲ್ಲಿ ಕಾರ್ಖಾನೆಯಲ್ಲಿ ಖಾಲಿ ಬಿದ್ದಿದ್ದ 200 ಪೆಟ್ಟಿಗೆಗಳನ್ನು ಕೊಂಡು, ಯಂತ್ರ ಹಾಕಿಸಿ ಮಾರಾಟಕ್ಕಿಟ್ಟ. ಅವು ಬೇಗನೆ ಖರ್ಚಾದವು. ಕಂಪನಿಗೆ ಧೈರ್ಯ ಬಂತು. 1985ರಲ್ಲಿ ನೀರು ಒಳನುಗ್ಗದಂತೆ ಪೆಟ್ಟಿಗೆಯನ್ನು ಮತ್ತೆ ರೂಪಿಸಲಾಯಿತು. 1994ರ ಡುಯೊಫೇಸ್ ಮಾದರಿಯಲ್ಲಿ ಬೆನ್ನಿಗೂ ಡಯಲ್ ಬಂದು, ಒಂದೇ ಯಂತ್ರ ಎರಡು ಊರುಗಳ ಸಮಯ ತೋರಿಸತೊಡಗಿತು. 2021ರ ಕ್ವಾಡ್ರಿಪ್ಟಿಕ್ ಮಾದರಿಯಲ್ಲಿ ತಳದ ತಟ್ಟೆಯ ಎರಡು ಬದಿಗಳೂ ಸೇರಿ ನಾಲ್ಕು ಮುಖಗಳಿವೆ.