ಸಕ್ಕರೆಯಿಂದ ಅಗ್ಗವಾದ ಹೂವು: ಮಾತ್ ಆರ್ಕಿಡ್ ಮನೆಯೊಳಗೆ ಬಂದ ಕಥೆ

ಈ ಸಲದ ವಿಷಯ ನಿಮ್ಮಲ್ಲಿ ಕೆಲವರ ಟೀವಿ ಪಕ್ಕದಲ್ಲೇ ಕೂತಿರಬಹುದು. ಬಾಗಿದ ಉದ್ದ ದಂಟು, ಅದರ ತುಂಬ ಬಿಳಿಯದೋ ನೇರಳೆಯದೋ ಹೂವು, ಬುಡದಲ್ಲಿ ನಾಲ್ಕು ದಪ್ಪ ಎಲೆ. ಗೃಹಪ್ರವೇಶಕ್ಕೆ ಗಿಫ್ಟ್ ಆಗಿ ಬರುತ್ತೆ, ಎರಡು ತಿಂಗಳು ಹೂವಿರುತ್ತೆ, ಆಮೇಲೆ ಬೇರು ಕೊಳೆತು ಕಸಕ್ಕೆ ಹೋಗುತ್ತೆ. ಇದೇ ಮಾತ್ ಆರ್ಕಿಡ್. ಅತಿ ಕಾಳಜಿಯಿಂದ ಇದನ್ನ ಕೊಲ್ಲೋದರಲ್ಲಿ ನಾವೇನೂ ಮೊದಲಿಗರಲ್ಲ.

1825ರಲ್ಲಿ ಕಾರ್ಲ್ ಬ್ಲೂಮ್ ಅನ್ನೋ ಸಸ್ಯವಿಜ್ಞಾನಿ ಈ ಕುಲಕ್ಕೆ ಫೆಲನಾಪ್ಸಿಸ್ ಅಂತ ಹೆಸರಿಟ್ಟ. ಗ್ರೀಕ್‌ನಲ್ಲಿ ಪತಂಗದ ಹಾಗೆ ಕಾಣೋದು ಅಂತ ಅರ್ಥ. ಇಂಡೋನೇಷ್ಯಾ, ಫಿಲಿಪೈನ್ಸ್ ಕಾಡುಗಳಲ್ಲಿ ಇದು ಮರದ ಕೊಂಬೆ ಹಿಡಿದು ಬೆಳೆಯುತ್ತೆ. ಬಂದಳಿಕೆ ಥರ ಮರದ ರಸ ಹೀರಲ್ಲ. ಕೂರೋಕೆ ಜಾಗ ಸಿಕ್ಕರೆ ಸಾಕು. ಬೇರು ಗಾಳಿಯಲ್ಲೇ ಇರುತ್ತೆ, ಮಳೆ ಬಂದಾಗ ನೆನೆಯುತ್ತೆ, ಬೇಗ ಒಣಗುತ್ತೆ.

ಈ ಬೇರಿನ ವಿಷಯ ಇಂಗ್ಲೆಂಡಿನ ಶ್ರೀಮಂತರಿಗೆ ಗೊತ್ತಿರಲಿಲ್ಲ. 19ನೇ ಶತಮಾನದಲ್ಲಿ ಅಲ್ಲಿ ಆರ್ಕಿಡ್ ಹುಚ್ಚು ಹತ್ತಿತ್ತು. ಉಷ್ಣವಲಯದ ಗಿಡ ಅಂದ್ರೆ ಸೆಕೆ, ಹಬೆ ಅಂತ ತಿಳಿದು ಗಾಜಿನ ಮನೆಗೆ ಕಲ್ಲಿದ್ದಲಿನ ಬಿಸಿ ಕೊಟ್ಟರು, ಕಿಟಕಿ ಮುಚ್ಚಿದರು, ನೀರು ಸುರಿದರು. ಗಿಡಗಳು ಸಾಲುಸಾಲಾಗಿ ಸತ್ತವು. ಸತ್ತಷ್ಟೂ ಕಾಡಿನಿಂದ ಕಿತ್ತು ತರಿಸೋದು! ಡೆವನ್‌ಶೈರ್ ಡ್ಯೂಕ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ಚಾಟ್ಸ್‌ವರ್ತ್‌ನಲ್ಲಿ, ಗಾಜಿನ ಮನೆಯೊಳಗೆ ಗಾಳಿ ಆಡೋಕೆ ಬಿಟ್ಟು, ಬೇರೆ ಬೇರೆ ಹವೆಯ ಗಿಡಗಳನ್ನ ಬೇರೆ ಬೇರೆ ಇಟ್ಟ. ಬದುಕಿದವು. ನನ್ನ ಪ್ರಕಾರ ಆರ್ಕಿಡ್ ಸಾಕೋ ಕಲೆ ಶುರುವಾಗಿದ್ದೇ ಆ ಕಿಟಕಿ ತೆರೆದಾಗ.

ಈಗ ಕಾಮರ್ಸ್ ಓದಿದವನ ಪ್ರಶ್ನೆ: ಡ್ಯೂಕ್‌ಗಳ ಹೂವು ನಮ್ಮ ಬಜೆಟ್‌ಗೆ ಹೇಗೆ ಬಂತು?

ಉತ್ತರ ಸಕ್ಕರೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಅದಕ್ಕೆ ಉಣಿಸುತ್ತೆ ಅಂತ 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರವೇ ಬೇಡ, ಬಾಟಲಿಯಲ್ಲಿ ಅಗಾರ್ ಜೆಲ್ಲಿಗೆ ಸಕ್ಕರೆ, ಲವಣ ಬೆರೆಸಿದರೆ ಸಾಕು ಅಂತ ತೋರಿಸಿದ. ಒಂದೇ ಕಾಯಿಯಿಂದ ಸಾವಿರಾರು ಸಸಿ. ಕಾಡಿಗೆ ಹೋಗೋ ಕೆಲಸವೇ ಇಲ್ಲ.

ತಮಾಷೆ ನೋಡಿ: 1980ರ ದಶಕದಲ್ಲಿ ಸಕ್ಕರೆ ವ್ಯಾಪಾರ ಕುಸಿದಾಗ ತೈವಾನ್ ಸರ್ಕಾರದ ಸಕ್ಕರೆ ಕಂಪನಿಯೇ ಈ ಆರ್ಕಿಡ್ ಬೆಳೆಯೋಕೆ ಇಳಿಯಿತು. ತೈವಾನ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಇದು ಕಾರ್ಖಾನೆ ಮಾಲಿನ ಥರ ತಯಾರಾಗತೊಡಗಿತು. ಹಾಗಾಗಿ ಬೆಲೆ ಇಳಿಯಿತು.

ನಮ್ಮ ಕಡೆಯ ನಂಟೂ ಇದೆ. ಇದೇ ಕುಲದ ಒಂದು ಪುಟ್ಟ ಹೂವಿನ ಹೆಸರು ಫೆಲನಾಪ್ಸಿಸ್ ಮೈಸೂರೆನ್ಸಿಸ್. ಹೆಸರಿಟ್ಟವರು ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ಮಾಡಿದ ಫಾದರ್ ಸೆಸಿಲ್ ಸಾಲ್ದಾನಾ. ಇಂಥ ಕಾಡು ಆರ್ಕಿಡ್‌ಗಳನ್ನ, ಮಲೆನಾಡಿನ ಸೀತಾಳೆ ದಂಡೆಯನ್ನೂ ಸೇರಿಸಿ, ಯಾರಾದರೂ ರಸ್ತೆ ಬದಿಯಲ್ಲಿ ಮಾರ್ತಿದ್ರೆ ಕೊಳ್ಳಬೇಡಿ. ಮರದಿಂದ ಕಿತ್ತಿರೋದೇ ಹೆಚ್ಚು. ಲ್ಯಾಬ್‌ನ ಗಿಡಕ್ಕೆ ಆ ಪಾಪ ಇಲ್ಲ.

ಸರಿ, ಮನೆಯಲ್ಲಿರೋ ಗಿಡಕ್ಕೆ ಬರೋಣ. ಮಣ್ಣು ಬೇಡವೇ ಬೇಡ, ಮರದ ತೊಗಟೆ ಚೂರು ಸಾಕು. ಬೇರು ಹಸಿರಾಗಿದ್ರೆ ನೀರು ಕುಡಿದಿದೆ ಅಂತ; ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ಚೆನ್ನಾಗಿ ನೆನೆಸಿ, ಪೂರ್ತಿ ಬಸಿಯೋಕೆ ಬಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ಅದಕ್ಕೇ ಪಾರದರ್ಶಕ ಕುಂಡ ಒಳ್ಳೇದು, ಚಿನ್ನದ ಬಣ್ಣದ ಗಿಫ್ಟ್ ಕುಂಡ ಅಲ್ಲ. ಪೂರ್ವದ ಕಿಟಕಿ ಬೆಳಕು ಹಿಡಿಸುತ್ತೆ.

ಮತ್ತೆ ಹೂವು ಬರೋಕೆ ಕೆಲವು ವಾರ ಸುಮಾರು 25 ಡಿಗ್ರಿಗಿಂತ ತಂಪು ಬೇಕು. ಮಂಗಳೂರಿನ ಸೆಕೆಯಲ್ಲಿ ಎಲೆ ಬರುತ್ತೆ, ಹೂವು ಸತಾಯಿಸುತ್ತೆ. ಬೆಂಗಳೂರಿನವರು ನವೆಂಬರ್‌ನಿಂದ ರಾತ್ರಿ ಕಿಟಕಿ ಸ್ವಲ್ಪ ತೆಗೆದಿಡಿ. ಹೊಸ ದಂಟು ಕಂಡರೆ ಫೋಟೋ ಕಳಿಸಿ; ಬೇರು ಯಾವುದು ದಂಟು ಯಾವುದು ಗೊತ್ತಾಗದಿದ್ರೂ ಕಳಿಸಿ.