ತಂಗಡಿ ತೊಗಟೆಯ ಮೇಲಿನ ಆರೋಪ: ಚರ್ಮದ ಆರೈಕೆಯ ಇತಿಹಾಸದಲ್ಲೊಂದು ಅರೆ ಓದು

ಹಳೆಯ ಹ್ಯಾಂಡ್‌ಬ್ಯಾಗಿನ ಮಡಿಕೆಯಿಂದ ಕೆಂಪು ಪುಡಿ ಉದುರತೊಡಗಿದರೆ ಎರಡು ವಿವರಣೆಗಳು ಸಿದ್ಧವಾಗಿರುತ್ತವೆ: ಎಣ್ಣೆ ಹಚ್ಚಿರಲಿಲ್ಲ, ಇಲ್ಲವೇ ತೊಗಲೇ ಅಗ್ಗದ್ದು. ಎರಡಕ್ಕೂ ಪುಸ್ತಕದ ಚರ್ಮದ ರಟ್ಟುಗಳ ಇತಿಹಾಸದಲ್ಲಿ ಬೇರುಗಳಿವೆ. ಎರಡೂ ಅರ್ಧ ಓದಿದ ದಾಖಲೆಗಳ ಫಲ.

ಪುಸ್ತಕದ ರಟ್ಟಿನ ಚರ್ಮ ಕೆಡುವುದರ ಕುರಿತು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ನೇಮಿಸಿದ್ದ ಸಮಿತಿಯ ವರದಿ 1901ರಲ್ಲಿ ಬಂತು. ‘ಪರ್ಷಿಯನ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆಡು, ಕುರಿಗಳ ತೊಗಲು ವರ್ಷದೊಳಗೇ ಕೆಡಬಲ್ಲದು, ಬಿಸಿಲಿಗೋ ಗ್ಯಾಸ್ ದೀಪಕ್ಕೋ ಒಡ್ಡಿದರೆ ಐದಾರು ವರ್ಷವೂ ಬಾಳದು ಎಂದಿತು ಸಮಿತಿ. ಹೆಸರು ಪರ್ಷಿಯಾದ್ದಾದರೂ ಮಾಲು ದಕ್ಷಿಣ ಭಾರತದ್ದು. ನಮ್ಮ ಬಯಲುಸೀಮೆಯಲ್ಲೂ ಹಳದಿ ಹೂ ಬಿಡುವ ತಂಗಡಿಯ, ಅಂದರೆ ಆವರಿಕೆಯ, ತೊಗಟೆಯಲ್ಲಿ ಹದವಾದದ್ದು. ಬೈಂಡರ್ ಡಗ್ಲಸ್ ಕಾಕರೆಲ್ ಈ ತೀರ್ಪನ್ನು ಅದೇ ವರ್ಷ ತಮ್ಮ ಕೈಪಿಡಿಯಲ್ಲಿ ಮುದ್ರಿಸಿದರು. ತಂಗಡಿಗೆ ಅಂಟಿದ ಕಳಂಕ ಹಾಗೆ ಹರಡಿತು.

ಆದರೆ ವರದಿ ಅಷ್ಟಕ್ಕೇ ನಿಂತಿರಲಿಲ್ಲ. ಚರ್ಮ ಹದಮಾಡುವ ಟ್ಯಾನಿನ್‌ಗಳಲ್ಲಿ ಕ್ಯಾಟೆಕಾಲ್ ವರ್ಗದವೆಲ್ಲ ದುರ್ಬಲ, ಪೈರೊಗ್ಯಾಲಾಲ್ ವರ್ಗದವು ಗಟ್ಟಿ ಎಂಬುದು ಅದರ ನಿಜವಾದ ತಿರುಳು. ಮೊದಲ ವರ್ಗದಲ್ಲಿ ತಂಗಡಿಯ ಜೊತೆಗೆ ಅಮೆರಿಕದ ಹೆಮ್‌ಲಾಕ್, ಯುರೋಪಿನ ಲಾರ್ಚ್ ಇವೆ. ಎರಡನೆಯದರಲ್ಲಿ ಸುಮ್ಯಾಕ್ ಇದೆ, ನಮ್ಮ ಅಳಲೆಕಾಯಿಯೂ ಇದೆ. (ತಂಗಡಿಯ ಹದದ ಕೊನೆಗೆ ಅಳಲೆಕಾಯಿ ರಸ ಕೊಡುವ ರೂಢಿ ದಕ್ಷಿಣದಲ್ಲಿತ್ತೆಂಬುದನ್ನು ಆರೋಪ ಹೊರಿಸಿದವರು ನೆನೆಯುವುದಿಲ್ಲ.) ಬಣ್ಣ ಹಾಕುವಾಗ ಬಳಸುತ್ತಿದ್ದ ಗಂಧಕಾಮ್ಲವನ್ನೂ ಸಮಿತಿ ದೂರಿತ್ತು. ಹೀಗಿರುವಾಗ ದೋಷವನ್ನು ಒಂದು ದೇಶದ ತಲೆಗೆ ಕಟ್ಟುವುದು ವರದಿಗೇ ಮಾಡುವ ಅನ್ಯಾಯ.

ಅದಕ್ಕೂ ಹಿಂದಿನ ಸಾಕ್ಷಿಯೊಂದಿದೆ. 1840ರ ದಶಕದಲ್ಲೇ ಮೈಕೆಲ್ ಫ್ಯಾರಡೆ ಲಂಡನ್ನಿನ ಅಥೇನಿಯಂ ಕ್ಲಬ್ಬಿನ ಚರ್ಮ ಹಾಳಾದುದಕ್ಕೆ ಗ್ಯಾಸ್ ದೀಪದ ಹೊಗೆಯನ್ನು ಹೊಣೆ ಮಾಡಿದ್ದರು. ವಿಜ್ಞಾನಿಯಾಗುವ ಮುನ್ನ ಏಳು ವರ್ಷ ಬೈಂಡರ್ ಬಳಿ ಕೆಲಸ ಕಲಿತವರು ಅವರು. ತೊಗಲಿನ ಗುಣ ಅವರ ಕೈಗೆ ಗೊತ್ತಿತ್ತು. 1930ರ ದಶಕದಲ್ಲಿ ಒಂದೇ ಬಗೆಯ ರಟ್ಟುಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲೂ ಇಟ್ಟು ದಶಕಗಳ ಕಾಲ ಕಾಯಲಾಯಿತು. ಲಂಡನ್ನಿನವು ಹೆಚ್ಚು ಕೆಟ್ಟವು. ಗಾಳಿಯ ಗಂಧಕವನ್ನು ಹೀರಿ ಚರ್ಮ ತನ್ನೊಳಗೇ ಆಮ್ಲ ಕಟ್ಟಿಕೊಳ್ಳುತ್ತದೆ. ಕ್ಯಾಟೆಕಾಲ್ ಹದ ಅದಕ್ಕೆ ಬೇಗ ಸೋಲುತ್ತದೆ. ಹೊಗೆಯೋ ಹದವೋ ಎಂದು ಒಂದನ್ನೇ ಆರಿಸುವ ಅಗತ್ಯವೇ ಇರಲಿಲ್ಲ.

ಇನ್ನು ಎಣ್ಣೆ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಸಿದ್ಧ ಲೇಪದಲ್ಲಿದ್ದುದು ಲ್ಯಾನೊಲಿನ್, ಸೀಡರ್ ಎಣ್ಣೆ, ಜೇನುಮೇಣ, ಹೆಕ್ಸೇನ್. ಇದು ಚರ್ಮವನ್ನು ಮೆದುಗೊಳಿಸುತ್ತದೆ, ಆಮ್ಲವನ್ನು ಮುಟ್ಟುವುದಿಲ್ಲ. ಚರ್ಮದ ರಟ್ಟುಗಳ ಸಂರಕ್ಷಣೆಯ ಕುರಿತ 1946ರ ಪುಸ್ತಿಕೆಯಲ್ಲಿ ಅದೇ ಮ್ಯೂಸಿಯಮ್ಮಿನ ಹೆರಾಲ್ಡ್ ಪ್ಲೆಂಡರ್ಲೀತ್ ಮೊದಲು ಪೊಟ್ಯಾಸಿಯಂ ಲ್ಯಾಕ್ಟೇಟ್ ದ್ರಾವಣ, ಆಮೇಲೆ ಈ ಲೇಪ ಎಂದಿದ್ದರು. ಆಮ್ಲವನ್ನು ತಡೆಯಬೇಕಾದದ್ದು ಲ್ಯಾಕ್ಟೇಟ್. ಜನಪ್ರಿಯ ಸಲಹೆಗಾರರು ಅದನ್ನು ಬಿಟ್ಟು ಎಣ್ಣೆಯನ್ನಷ್ಟೇ ಉಳಿಸಿಕೊಂಡರು. ಆಗಲೇ ಪುಡಿಯಾದ ಚರ್ಮಕ್ಕಂತೂ ಲ್ಯಾಕ್ಟೇಟೂ ತಡವೇ: ನೀರು ತಾಗಿದರೆ ಅದು ಕಪ್ಪಾಗಿ ಬಿರುಸಾಗುತ್ತದೆ. ಇಂದಿನ ಸಂರಕ್ಷಕರು ಆಲ್ಕೊಹಾಲಿನಲ್ಲಿ ಕರಗಿಸಿದ ಸೆಲ್ಯುಲೋಸ್ ಅಂಟಿನಿಂದ ಪುಡಿಯನ್ನು ಹಿಡಿದು ನಿಲ್ಲಿಸುತ್ತಾರೆ, ಅಷ್ಟೆ.

ಇಂದಿನ ಬಹುಪಾಲು ಬ್ಯಾಗುಗಳು ಕ್ರೋಮ್ ಹದದವು. ಈ ಕೆಂಪು ಪುಡಿಯ ಕಾಟ ಅವಕ್ಕಿಲ್ಲ. ಇನ್ನು ಸಸ್ಯದ ಹದವೆಂದು ದುಬಾರಿ ಬೆಲೆಗೆ ಮಾರುವ ಬ್ಯಾಗುಗಳಲ್ಲಿ ಬಹಳಷ್ಟಕ್ಕೆ ಬಳಸುವುದು ಮಿಮೋಸಾ ಮತ್ತು ಕೆಬ್ರಾಚೊ. ಎರಡೂ ತಂಗಡಿಯ ವರ್ಗದವೇ.